ಗಸಗಸೆ ಎಣ್ಣೆ ತೋರಿಸಿದ ದಾರಿ

ಮಕ್ಕಳಾಗಲಿಲ್ಲವೆಂದು ಆಸ್ಪತ್ರೆ ಹತ್ತಿಳಿದ ಹೆಂಗಸರಿಗೆ ‘ಟ್ಯೂಬ್ ಟೆಸ್ಟ್’ ಹೊಸ ಮಾತಲ್ಲ. ತಿಂಗಳ ಮುಟ್ಟು ಮುಗಿದ ಕೆಲವೇ ದಿನಗಳಲ್ಲಿ ಎಕ್ಸ್‌ರೇ ಕೋಣೆಯಲ್ಲಿ ಮಲಗಿಸಿ, ಸಣ್ಣ ನಳಿಕೆಯಿಂದ ಗರ್ಭಕೋಶದೊಳಗೆ ದ್ರವ ಬಿಡುತ್ತಾರೆ. ಕೆಳಹೊಟ್ಟೆ ಹಿಂಡಿದಂತಾಗುತ್ತದೆ. ಪರದೆಯ ಮೇಲೆ ತಲೆಕೆಳಗಾದ ತ್ರಿಕೋನವೊಂದು ಮೂಡಿ, ಅದರ ಎರಡು ಮೂಲೆಗಳಿಂದ ದಾರದಂಥ ಗೆರೆಗಳು ಹೊರಡುತ್ತವೆ. ಆ ಗೆರೆಗಳ ತುದಿಯಲ್ಲಿ ದ್ರವ ಹೊಗೆಯಂತೆ ಚೆದುರಿದರೆ ಗರ್ಭನಾಳ ತೆರೆದಿದೆ ಎಂದರ್ಥ. ಕ್ಷಯರೋಗ ಸದ್ದಿಲ್ಲದೆ ನಾಳ ಮುಚ್ಚಿಬಿಡುವ ನಮ್ಮ ದೇಶದಲ್ಲಿ ಈ ಚಿತ್ರಕ್ಕೆ ಬಹಳ ಬೆಲೆಯಿದೆ. ಗಂಡನ ವೀರ್ಯ ಪರೀಕ್ಷೆಯನ್ನೂ ಮಾಡಿಸದೆ ಹೆಂಡತಿಯನ್ನಷ್ಟೇ ಈ ಮೇಜಿನ ಮೇಲೆ ಮಲಗಿಸುವುದು ಮಾತ್ರ ಅನ್ಯಾಯ.

ಹೊಟ್ಟೆ ಕೊಯ್ಯದೆ ನಾಳ ನೋಡುವ ದಾರಿಯನ್ನು 1914ರಲ್ಲಿ ಅಮೆರಿಕದ ಐಸಿಡೋರ್ ರುಬಿನ್ ಮತ್ತು ವಿಲಿಯಂ ಕ್ಯಾರಿ ಬೇರೆಬೇರೆಯಾಗಿಯೇ ಹುಡುಕಿದರು. ಅವರು ಬಳಸಿದ ಬೆಳ್ಳಿಯ ದ್ರಾವಣ ಒಳಹೊಟ್ಟೆಯನ್ನು ಕೆರಳಿಸುತ್ತಿತ್ತು. 1919ರಲ್ಲಿ ರುಬಿನ್ ದ್ರವ ಬಿಟ್ಟು ಅನಿಲ ಹಿಡಿದರು: ಮೊದಲು ಆಮ್ಲಜನಕ, ಆಮೇಲೆ ಇಂಗಾಲದ ಡೈಆಕ್ಸೈಡ್. ನಾಳ ತೆರೆದಿದ್ದರೆ ಅನಿಲ ಹೊಟ್ಟೆಯೊಳಕ್ಕೆ ದಾಟುತ್ತದೆ. ಮಲಗಿದ್ದವಳು ಎದ್ದು ಕೂತಾಗ ಮೇಲೇರಿ ವಪೆಯನ್ನು ಒತ್ತುತ್ತದೆ. ಆಗ ನೋಯುವುದು ಹೆಗಲು! ‘ಹೆಗಲು ಹಿಡ್ಕೊಂಡಿದೆ ಡಾಕ್ಟ್ರೇ’ ಎಂಬ ಮಾತು ಅಲ್ಲಿ ಒಳ್ಳೆಯ ಸುದ್ದಿ. ಒತ್ತಡದ ಮಾಪಕದ ಜೊತೆಗೆ ಆಕೆಯ ನೋವನ್ನೂ ಸಾಕ್ಷಿಯಾಗಿ ಎಣಿಸಿದ ಈ ಪರೀಕ್ಷೆಯ ಮೇಲೆ ನನಗೆ ವಿಶೇಷ ಗೌರವ.

ಅನಿಲದಿಂದ ಚಿತ್ರ ಸಿಗುತ್ತಿರಲಿಲ್ಲ. 1920ರ ದಶಕದಲ್ಲಿ ಅರ್ಜೆಂಟೀನಾದ ಕಾರ್ಲೋಸ್ ಹ್ಯೂಸರ್ ಲಿಪಿಯೊಡಾಲ್ ಬಳಸಿದರು. ಅದು ಅಯೋಡಿನ್ ಬೆರೆತ ಗಸಗಸೆ ಎಣ್ಣೆ, ನಾವು ಪಾಯಸಕ್ಕೆ ರುಬ್ಬುವ ಅದೇ ಗಸಗಸೆಯದು. ನೋಡಲೆಂದು ಬಿಟ್ಟ ಎಣ್ಣೆಯ ಬೆನ್ನಲ್ಲೇ ಕೆಲವರು ಬಸಿರಾಗತೊಡಗಿದರು. ಕಾಕತಾಳೀಯವೋ, ಎಣ್ಣೆಯ ಗುಣವೋ? ನೀರಿನಲ್ಲಿ ಕರಗುವ ದ್ರವಗಳು ಬಂದ ಮೇಲೂ ಚರ್ಚೆ ನಿಲ್ಲಲಿಲ್ಲ.

2017ರಲ್ಲಿ ನೆದರ್‌ಲ್ಯಾಂಡ್ಸ್‌ನ 27 ಆಸ್ಪತ್ರೆಗಳ 1,119 ಮಹಿಳೆಯರ ಅಧ್ಯಯನ ಪ್ರಕಟವಾಯಿತು. ಆರು ತಿಂಗಳೊಳಗೆ ಎಣ್ಣೆಯ ಗುಂಪಿನಲ್ಲಿ ಶೇ 39.7, ನೀರಿನ ದ್ರವದ ಗುಂಪಿನಲ್ಲಿ ಶೇ 29.1 ಮಂದಿಗೆ ಗರ್ಭ ನಿಂತಿತ್ತು. ಸಂಶೋಧಕರಲ್ಲಿ ಒಬ್ಬರಾದ ಬೆನ್ ಮೋಲ್ ಈ ಕೆಲಸಕ್ಕೆ ಕೈಹಾಕಿದ ಮೇಲಷ್ಟೇ ಮನೆಯವರು ಅವರಿಗೊಂದು ಸಂಗತಿ ಹೇಳಿದರು: ವರ್ಷಗಟ್ಟಲೆ ಮಕ್ಕಳಾಗದಿದ್ದ ಅವರ ತಾಯಿ 1960ರ ದಶಕದಲ್ಲಿ ಇದೇ ಎಣ್ಣೆಯ ಪರೀಕ್ಷೆ ಮಾಡಿಸಿಕೊಂಡಿದ್ದರು. ಮೋಲ್ ಹುಟ್ಟಿದ್ದು ಅದಾದ ಮೇಲೆ.