ಕುಗ್ಗಿದ ಮನಸ್ಸಿಗೆ ಸಹಜವಾದ ಉಪಾಯಗಳು

ಪರೀಕ್ಷೆಯ ದಿನಗಳು ಸಮೀಪಿಸುತ್ತಲೇ ನಮ್ಮ ಬಾಲಿಕೆಯರಲ್ಲಿ ಕೆಲವರ ಮುಖವು ಬಾಡುವುದನ್ನು ನಾವು ಪ್ರತಿವರ್ಷವೂ ಕಾಣುತ್ತೇವೆ. ಒಬ್ಬಳಿಗೆ ಎದೆಯು ಡವಡವನೆ ಹೊಡೆದುಕೊಳ್ಳುವುದು, ಅಂಗೈ ಬೆವರುವುದು, ನಿದ್ರೆಯು ಹತ್ತಿರ ಸುಳಿಯದು. ಮತ್ತೊಬ್ಬಳಿಗೆ ಆಟಪಾಠಗಳಲ್ಲಿ ರುಚಿಯಿಲ್ಲ. ಊಟ ಬೇಡ, ಗೆಳತಿಯರು ಬೇಡ. ಮೊದಲನೆಯದನ್ನು ಆತಂಕವೆಂದೂ ಎರಡನೆಯದನ್ನು ಖಿನ್ನತೆಯೆಂದೂ ಕರೆಯುವರು. ಅನೇಕ ವೇಳೆ ಇವೆರಡೂ ಒಬ್ಬಳಲ್ಲಿಯೇ ಜೊತೆಗೂಡಿರುವುದುಂಟು. ನೋಡಿದವರಾದರೋ ಇದನ್ನು ಸೋಮಾರಿತನವೆಂದೋ, ಹಟವೆಂದೋ, ಭಕ್ತಿಯ ಕೊರತೆಯೆಂದೋ ಎಣಿಸುವರು.

ನಾವೂ ಹಾಗೆ ಎಣಿಸಿದ್ದುಂಟು. ಹಲವು ವರ್ಷಗಳ ಹಿಂದೆ ಹತ್ತನೆಯ ತರಗತಿಯ ಬಾಲಿಕೆಯೊಬ್ಬಳು ಪುಸ್ತಕವನ್ನು ಮುಚ್ಚಿಟ್ಟು ಸುಮ್ಮನೆ ಕುಳಿತಿರುವುದನ್ನು ಕಂಡು ಎಲ್ಲರೆದುರು ಗದರಿಸಿದೆವು. ಅವಳು ಮರುಮಾತನಾಡಲಿಲ್ಲ. ಮಳೆ ಕೈಕೊಟ್ಟು ಶೇಂಗಾ ಬೆಳೆ ಒಣಗಿ, ತಂದೆಯು ಸಾಲಕ್ಕೆ ಸಿಕ್ಕಿ, ಆ ಮನೆಯಲ್ಲಿ ತಿಂಗಳುಗಟ್ಟಲೆ ಯಾರಿಗೂ ನೆಮ್ಮದಿಯ ನಿದ್ರೆಯಿರಲಿಲ್ಲವೆಂಬುದು ಅವಳು ಶಾಲೆಯನ್ನು ಬಿಟ್ಟ ಮೇಲೆ ನಮಗೆ ತಿಳಿಯಿತು. ಅಂದಿನ ನಮ್ಮ ಮಾತು ಇಂದಿಗೂ ನಮ್ಮನ್ನೇ ಚುಚ್ಚುತ್ತಿರುವುದು. ಆದುದರಿಂದಲೇ ಈ ವಿಷಯವನ್ನು ಬರೆಯಲು ತೊಡಗಿದ್ದೇವೆ.

ಮನಸ್ಸು ಕುಗ್ಗುವುದು ದೇವಜನರಿಗೂ ತಪ್ಪಿದುದಲ್ಲ. ಒಂದನೆಯ ಅರಸುಗಳು ಎಂಬ ಪುಸ್ತಕದ 19ನೆಯ ಅಧ್ಯಾಯದಲ್ಲಿ ಎಲೀಯ ಪ್ರವಾದಿಯು ಪ್ರಾಣಭಯದಿಂದ ಅಡವಿಗೆ ಓಡಿ, ಒಂದು ಗಿಡದ ಕೆಳಗೆ ಕುಳಿತು ತನಗೆ ಮರಣವೇ ಬರಲೆಂದು ಬೇಡಿಕೊಂಡನು. ದೇವರು ಅವನನ್ನು ಗದರಿಸಲಿಲ್ಲ. ಮೊದಲು ಮಲಗಗೊಟ್ಟನು, ದೂತನ ಮೂಲಕ ರೊಟ್ಟಿಯನ್ನೂ ನೀರನ್ನೂ ಎರಡು ಸಾರಿ ಕೊಡಿಸಿದನು, ದೂರ ನಡೆಯಿಸಿದನು, ಆಮೇಲೆ ಅವನ ದುಃಖವನ್ನು ಕೇಳಿ, ಮಾಡುವುದಕ್ಕೆ ಕೆಲಸವನ್ನೂ ಜೊತೆಗೆ ಎಲೀಷನನ್ನೂ ಕೊಟ್ಟನು. ನಿದ್ರೆ, ಆಹಾರ, ನಡಿಗೆ, ಕೇಳುವ ಕಿವಿ, ಕೆಲಸ, ಜೊತೆಗಾರರು: ಇಂದಿನ ವೈದ್ಯರು ಹೇಳುವ ಸಹಜೋಪಾಯಗಳೂ ಬಹುಮಟ್ಟಿಗೆ ಇವೇ ಆಗಿವೆ.

ಮೊದಲನೆಯದು ನಿದ್ರೆ. 13ರಿಂದ 18 ವಯಸ್ಸಿನವರಿಗೆ ದಿನಕ್ಕೆ 8ರಿಂದ 10 ತಾಸುಗಳ ನಿದ್ರೆಯು ಅವಶ್ಯಕ. ನಿದ್ರೆಗೆಟ್ಟ ಮನಸ್ಸಿಗೆ ಸಣ್ಣ ಕಷ್ಟವೂ ದೊಡ್ಡದಾಗಿ ತೋರುವುದು. ಪ್ರತಿದಿನವೂ ಒಂದೇ ವೇಳೆಗೆ ಏಳತಕ್ಕದ್ದು. ಸಂಜೆಯ ಮೇಲೆ ಚಹಾ, ಕಾಫಿಗಳನ್ನು ಬಿಡತಕ್ಕದ್ದು. ಮಲಗುವ ಮುಂಚೆ ಮೊಬೈಲನ್ನು ಬೇರೆ ಕೋಣೆಯಲ್ಲಿಡತಕ್ಕದ್ದು. ಆಹಾರದ ವಿಷಯದಲ್ಲಿ ಒಂದು ಎಚ್ಚರಿಕೆಯುಂಟು. ರಕ್ತಹೀನತೆಯಿಂದಲೂ, ಥೈರಾಯ್ಡ್ ಗ್ರಂಥಿಯ ದೋಷದಿಂದಲೂ ಬರುವ ಆಯಾಸ, ಬೇಸರಗಳು ಖಿನ್ನತೆಯಂತೆಯೇ ತೋರುವುವು. ರಕ್ತಹೀನತೆಯು ನಮ್ಮ ಬಾಲಿಕೆಯರಲ್ಲಿ ಅಪರೂಪವಲ್ಲ. ರಾಗಿ, ಕಾಳು, ಸೊಪ್ಪುಗಳ ಊಟವನ್ನು ತಪ್ಪಿಸಬಾರದು. ಸುಸ್ತು ಬಿಡದಿದ್ದರೆ ರಕ್ತವನ್ನು ಪರೀಕ್ಷೆ ಮಾಡಿಸತಕ್ಕದ್ದು.

ಎರಡನೆಯದು ನಡಿಗೆ. ವ್ಯಾಯಾಮವು ಲಘುವಾದ ಮತ್ತು ಮಧ್ಯಮ ತರದ ಖಿನ್ನತೆಯನ್ನು ಇಳಿಸುವುದೆಂಬುದು ಅನೇಕ ಪರೀಕ್ಷೆಗಳಿಂದ ಸ್ಥಿರಪಟ್ಟಿದೆ. 5ರಿಂದ 17 ವಯಸ್ಸಿನವರು ದಿನಕ್ಕೆ ಸರಾಸರಿ 60 ನಿಮಿಷಗಳಾದರೂ ಮೈ ದಣಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯವರು ಹೇಳುವರು. ಬೆಳಗಿನ ಬಿಸಿಲಿನಲ್ಲಿ ನಡೆದರೆ ರಾತ್ರಿಯ ನಿದ್ರೆಗೂ ಸಹಾಯವಾಗುವುದು.

ಮೂರನೆಯದು ಉಸಿರು. ಆತಂಕದಲ್ಲಿ ಉಸಿರು ಚಿಕ್ಕದಾಗಿ ವೇಗವಾಗುವುದು. ಶರೀರವು ಅದನ್ನು ಅಪಾಯದ ಸೂಚನೆಯೆಂದೇ ತಿಳಿಯುವುದು. ನಾಲ್ಕು ಎಣಿಸುವವರೆಗೆ ಉಸಿರನ್ನು ತೆಗೆದುಕೊಂಡು, ಆರು ಎಣಿಸುವವರೆಗೆ ಮೆಲ್ಲನೆ ಬಿಡಬೇಕು. ನೀಳವಾಗಿ ಬಿಡುವ ಉಸಿರು ಹೃದಯದ ಬಡಿತವನ್ನು ತಗ್ಗಿಸುವ ನರವನ್ನು ಎಚ್ಚರಿಸುವುದು. ಐದು ನಿಮಿಷಗಳು ಸಾಕು. ಪ್ರಶ್ನಪತ್ರಿಕೆಯನ್ನು ಹಂಚುವ ಮುಂಚೆ ಯಾರಿಗೂ ತಿಳಿಯದಂತೆ ಮಾಡಬಹುದು.

ನಾಲ್ಕನೆಯದು ಕೆಲಸ. ಮನಸ್ಸು ಸರಿಯಾದ ಮೇಲೆ ಕೆಲಸ ಮಾಡೋಣವೆಂದು ಕಾಯುವುದು ಖಿನ್ನರ ಸ್ವಭಾವ. ಕ್ರಮವು ತಲೆಕೆಳಗಾಗಿರುವುದು, ಕೆಲಸವು ಮುಂದಾದರೆ ಉತ್ಸಾಹವು ಹಿಂದೆ ಬರುವುದು. ಆದರೆ ಕೆಲಸವು ಚಿಕ್ಕದಿರಬೇಕು. ಒಂದು ಪುಟದ ಓದು, ಒಂದು ಗಿಡಕ್ಕೆ ನೀರು, ಒಂದು ಲಂಗದ ಹೊಲಿಗೆ. ನಮ್ಮ ಸಿದ್ದಾಪುರದಲ್ಲಿಯೂ ನೆರೆಯ ಬ್ರಹ್ಮಗಿರಿಯಲ್ಲಿಯೂ ಬಂಡೆಗಳ ಮೇಲೆ ಅಶೋಕ ಚಕ್ರವರ್ತಿಯು ಕೆತ್ತಿಸಿದ ಶಾಸನಗಳನ್ನು 1892ರಲ್ಲಿ ಬಿ. ಎಲ್. ರೈಸರು ಬೆಳಕಿಗೆ ತಂದರು. ಪ್ರಯತ್ನದ ಫಲವು ದೊಡ್ಡವರಿಗೆ ಮಾತ್ರವಲ್ಲದೆ ಸಣ್ಣವರಿಗೂ ದೊರೆಯುವುದೆಂಬ ಅಭಿಪ್ರಾಯವು ಅವುಗಳಲ್ಲಿರುವುದು. ಧರ್ಮದ ವಿಷಯವಾಗಿ ಹೇಳಿದ ಆ ಮಾತು ಸಣ್ಣ ಪ್ರಯತ್ನವನ್ನು ಹಗುರವಾಗಿ ಕಾಣಬಾರದೆಂಬುದನ್ನು ನಮಗೂ ಕಲಿಸುವುದು.

ಐದನೆಯದು ಮಾತು. ಹೇಳಿಕೊಂಡ ದುಃಖವು ಹಗುರವಾಗುವುದೆಂಬುದು ನಮ್ಮ ಅಜ್ಜಿಯರಿಗೆ ಗೊತ್ತಿತ್ತು. ಬಾಲಿಕೆಯರೇ, ತಾಯಿಯೊಡನೆಯಾಗಲಿ, ಉಪಾಧ್ಯಾಯಿನಿಯೊಡನೆಯಾಗಲಿ ಬಾಯಿಬಿಟ್ಟು ಹೇಳಿರಿ. ಹಿರಿಯರೇ, ಅವರು ಹೇಳುವಾಗ ಬುದ್ಧಿವಾದಕ್ಕೆ ಅವಸರಪಡದೆ ಕೇಳಿರಿ. ಪ್ರಾರ್ಥನೆಯೂ ದೇವರಿಗೆ ಹೇಳಿಕೊಳ್ಳುವುದೇ ಆಗಿದೆ. ಆದರೆ ನೆರೆಯವರ ಸಹಾಯವನ್ನು ಬೇಡವೆನ್ನುವುದಕ್ಕೆ ಅದು ನೆಪವಾಗಬಾರದು.

ಈ ಉಪಾಯಗಳಿಗೆ ಒಂದು ಮೇರೆಯುಂಟು. ಎರಡು ವಾರಗಳಾದರೂ ದಿನದ ಬಹುಭಾಗ ಮನಸ್ಸು ಕುಗ್ಗಿಯೇ ಇದ್ದರೆ ವೈದ್ಯರನ್ನು ಕಾಣಬೇಕು. ಸಾಯುವ ಯೋಚನೆ ಬಂದರಂತೂ ಎರಡು ವಾರ ಕಾಯದೆ ಅಂದೇ ಯಾರಿಗಾದರೂ ಹೇಳಿ ವೈದ್ಯರಲ್ಲಿಗೆ ಹೋಗಬೇಕು. ಅಂಥವರನ್ನು ಒಂಟಿಯಾಗಿ ಬಿಡಲಾಗದು. ಟೆಲಿ ಮಾನಸ್ ಎಂಬ ಸರಕಾರಿ ಸೇವೆಗೆ 14416 ಎಂಬ ಸಂಖ್ಯೆಯಲ್ಲಿ ಹಗಲಿರುಳೂ ಹಣವಿಲ್ಲದೆ ಕರೆ ಮಾಡಬಹುದು, ಕನ್ನಡದಲ್ಲಿಯೂ ಮಾತನಾಡುವರು. ವೈದ್ಯರು ಕೊಟ್ಟ ಔಷಧವನ್ನು ನಡಿಗೆ, ಉಸಿರಾಟಗಳನ್ನು ನಂಬಿ ತಾವಾಗಿಯೇ ನಿಲ್ಲಿಸಕೂಡದು. ಗಿಡಮೂಲಿಕೆಯ ಪುಡಿಗಳನ್ನೂ ಅವರನ್ನು ಕೇಳದೆ ಸೇವಿಸಕೂಡದು. ಔಷಧವು ಸೋಲಿನ ಗುರುತಲ್ಲ. ನಮ್ಮ ನೆರೆಯ ಬಳ್ಳಾರಿ ಜಿಲ್ಲೆಯಲ್ಲಿ 1980ರ ದಶಕದಲ್ಲಿಯೇ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ಹಳ್ಳಿಯ ಆರೋಗ್ಯ ಕೇಂದ್ರಗಳ ವೈದ್ಯರಿಗೆ ಮನೋವ್ಯಾಧಿಗಳ ಚಿಕಿತ್ಸೆಯನ್ನು ಕಲಿಸಿದರು. ಆ ಮಾದರಿಯ ಮೇಲೆ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವು ದೇಶದಲ್ಲಿ ಆರಂಭವಾಯಿತು. ಜ್ವರಕ್ಕೆ ವೈದ್ಯರ ಬಳಿಗೆ ಹೋಗುವವರು ಇದಕ್ಕೂ ಹೋಗಲು ನಾಚಬೇಕಾಗಿಲ್ಲ.

ಬಾಡಿದ ಮುಖದ ಬಾಲಿಕೆಯನ್ನು ಕಂಡರೆ ಈಗ ನಾವು ಮೊದಲು ಕೇಳುವುದು ಪಾಠವನ್ನಲ್ಲ. ರಾತ್ರಿ ನಿದ್ರೆ ಬಂದಿತೇ, ಬೆಳಿಗ್ಗೆ ಏನು ಉಂಡೆ, ಮನೆಯಲ್ಲಿ ಎಲ್ಲರೂ ಹೇಗಿದ್ದಾರೆ ಎಂದು ಕೇಳುತ್ತೇವೆ. ಅಂದು ಆ ಒಬ್ಬಳನ್ನು ಹೀಗೆ ಕೇಳಲಿಲ್ಲ. ಇದನ್ನು ಓದುವ ತಾಯಂದಿರೂ ಉಪಾಧ್ಯಾಯಿನಿಯರೂ ನಮ್ಮಂತೆ ತಡಮಾಡದಿರಲಿ.