ನಿರುಪಯೋಗಿ ಯಂತ್ರಗಳ ಮೇಷ್ಟ್ರು

ದಣಿದ ಆಮೆಯನ್ನು ಎಳೆದೊಯ್ಯಲು ಹಲ್ಲಿ ಎಂಜಿನ್ನು. ಸೋಮಾರಿ ನಾಯಿಯ ಬಾಲವನ್ನು ಅದರ ಪರವಾಗಿ ಅಲ್ಲಾಡಿಸಿಕೊಡುವ ಸಾಧನ. ಬಿಕ್ಕಳಿಕೆಯನ್ನು ಸಂಗೀತವಾಗಿ ಹೊರಡಿಸುವ ಉಪಕರಣ. ಬೆಳಗಿನ ಅಲಾರಾಂ ಗಡಿಯಾರವನ್ನು ಪಳಗಿಸುವ ಯಂತ್ರ. ಇಂಥವುಗಳ ನಕ್ಷೆ ಬಿಡಿಸಿ, ಯಾವ ಭಾಗ ಯಾವುದನ್ನು ಹೇಗೆ ತಳ್ಳುತ್ತದೆ ಎಂದು ಎಂಜಿನಿಯರನ ಗಾಂಭೀರ್ಯದಲ್ಲಿ ವಿವರಿಸುವ ಪುಸ್ತಕವೊಂದು 1942ರಲ್ಲಿ ಇಟಲಿಯ ಎಯ್ನೌದಿ ಪ್ರಕಾಶನದಿಂದ ಹೊರಬಂತು. ಹೆಸರು ‘ಮುನಾರಿಯ ಯಂತ್ರಗಳು’. ಅದೇ ವರ್ಷ ಮಿಲಾನ್ ನಗರದ ಮೇಲೆ ಬಾಂಬು ಬೀಳುತ್ತಿತ್ತು. ನಿಜವಾದ ಯಂತ್ರಗಳು ಊರು ಸುಡುತ್ತಿದ್ದಾಗ ಒಬ್ಬ ಮನುಷ್ಯ ಕೂತು ನಾಯಿಬಾಲದ ಯಂತ್ರ ಬಿಡಿಸುತ್ತಿದ್ದ ಎನ್ನುವುದನ್ನು ಪಲಾಯನ ಎಂದು ಬೇಕಾದರೆ ಕರೆಯಬಹುದು. ನನಗೆ ಹಾಗನ್ನಿಸುವುದಿಲ್ಲ. ಯಂತ್ರವೆಂದರೆ ಕೈಮುಗಿಯುವ ಕಾಲದಲ್ಲಿ ಯಂತ್ರವನ್ನು ಕಂಡು ನಗುವುದಕ್ಕೂ ಗಟ್ಟಿ ಎದೆ ಬೇಕು.

ಬ್ರೂನೋ ಮುನಾರಿ ಹುಟ್ಟಿದ್ದು 1907ರಲ್ಲಿ ಮಿಲಾನ್‌ನಲ್ಲಿ, ತೀರಿಕೊಂಡದ್ದು 1998ರಲ್ಲಿ ಅದೇ ಊರಿನಲ್ಲಿ. ನಡುವಿನ ತೊಂಬತ್ತು ವರ್ಷಗಳಲ್ಲಿ ಈತ ಚಿತ್ರಕಾರ, ಶಿಲ್ಪಿ, ಪುಸ್ತಕ ವಿನ್ಯಾಸಕಾರ, ಆಟಿಕೆ ಮಾಡುವವ, ದೀಪ ಮಾಡುವವ, ಮಕ್ಕಳ ಲೇಖಕ, ಕೊನೆಗೆ ಮೇಷ್ಟ್ರು. ಯಾವ ಖಾನೆಗೆ ಹಾಕುವುದು ಎಂದು ಕಲಾ ಇತಿಹಾಸಕಾರರು ಬಹಳ ಕಾಲ ತಲೆ ಕೆರೆದುಕೊಂಡರು. ಇಪ್ಪತ್ತರ ಹರೆಯದಲ್ಲಿ ವೇಗ, ಯಂತ್ರ, ಯುದ್ಧವನ್ನೆಲ್ಲ ಹಾಡಿಹೊಗಳುತ್ತಿದ್ದ ಫ್ಯೂಚರಿಸ್ಟರ ಗುಂಪಿನಲ್ಲಿ ಓಡಾಡಿದ್ದ. ಅಲ್ಲಿಂದ ಯಂತ್ರದ ಮೇಲಿನ ಕುತೂಹಲವನ್ನಷ್ಟೇ ಎತ್ತಿಕೊಂಡು ಬಂದ; ಯುದ್ಧದ ಹಾಡನ್ನು ಅವರಿಗೇ ಬಿಟ್ಟ.

1930ರ ದಶಕದ ಆರಂಭದಲ್ಲಿ ಮುನಾರಿ ರಟ್ಟನ್ನು ಕತ್ತರಿಸಿ, ಬಣ್ಣ ಹಚ್ಚಿ, ತೆಳು ಕಡ್ಡಿಗಳಿಗೆ ರೇಷ್ಮೆದಾರದಲ್ಲಿ ಕಟ್ಟಿ ಚಾವಣಿಯಿಂದ ತೂಗುಬಿಟ್ಟ. ಉಸಿರು ತಾಗಿದರೂ ಅವು ಮೆಲ್ಲನೆ ತಿರುಗುತ್ತಿದ್ದವು. ಚಿತ್ರವನ್ನು ಚೌಕಟ್ಟಿನಿಂದ ಬಿಡಿಸಿ ಗಾಳಿಗೆ ಕೊಡುವುದು ಅವನ ಉದ್ದೇಶ. ಹೆಸರಿಟ್ಟದ್ದು ‘ನಿರುಪಯೋಗಿ ಯಂತ್ರಗಳು’ ಎಂದು. ಇವು ಸರಕು ತಯಾರಿಸುವುದಿಲ್ಲ, ಕೂಲಿಯಾಳುಗಳ ಕೆಲಸ ಕಸಿಯುವುದಿಲ್ಲ, ಯಾರ ಬಂಡವಾಳವನ್ನೂ ಬೆಳೆಸುವುದಿಲ್ಲ, ಹಾಗಾಗಿ ನಿರುಪಯೋಗಿ ಎಂಬುದು ಅವನ ಸಮಜಾಯಿಷಿ. ಗೆಳೆಯರು ಬಿದ್ದು ಬಿದ್ದು ನಕ್ಕರಂತೆ. ನಕ್ಕವರೇ ತಮ್ಮ ಮನೆಗೂ ಒಂದೊಂದು ಕೇಳಿ ಒಯ್ದರಂತೆ. ಆದರೆ ತೂಗುಹಾಕಿದ್ದು ಮಕ್ಕಳ ಕೋಣೆಯಲ್ಲಿ. ಪಡಸಾಲೆಯಲ್ಲಿ ಘನವಾದ ‘ನಿಜ’ ಕಲೆಯೇ ಇತ್ತು. ಮುನಾರಿ ಇದನ್ನು ಮುಂದೆ ಬರೆದುಕೊಂಡಾಗ ಅದರಲ್ಲಿ ಬೇಸರದ ಎಳೆಯೂ ಇಲ್ಲ. ಮಕ್ಕಳ ಕೋಣೆಗೆ ಹೋದದ್ದೇ ಒಳ್ಳೆಯದಾಯಿತು ಎಂದು ಅವನಿಗೆ ಅನ್ನಿಸಿದ್ದರೆ ಆಶ್ಚರ್ಯವಿಲ್ಲ.

ಕುರ್ಚಿಯ ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. 1944ರಲ್ಲಿ ‘ದೊಮುಸ್’ ಎಂಬ ವಾಸ್ತುಶಿಲ್ಪ ಪತ್ರಿಕೆಯಲ್ಲಿ ಮುನಾರಿಯ ಸಾಲು ಫೋಟೊಗಳು ಅಚ್ಚಾದವು. ದಣಿದು ಮನೆಗೆ ಬಂದ ಮನುಷ್ಯ ಒಂದು ಆರಾಮಕುರ್ಚಿಯಲ್ಲಿ ಕೂತು ಪೇಪರ್ ಓದಲು ನೋಡುತ್ತಾನೆ. ನೆಟ್ಟಗೆ ಕೂರುತ್ತಾನೆ, ಅಡ್ಡ ಕೂರುತ್ತಾನೆ, ಕೈಹಿಡಿಯ ಮೇಲೆ ಕಾಲು ಹಾಕುತ್ತಾನೆ, ತಲೆಕೆಳಗಾಗುತ್ತಾನೆ, ಎಲ್ಲಿಯೂ ಆರಾಮವಿಲ್ಲ. ಕುರ್ಚಿಗೆ ಹೊಸ ಹೊಸ ರೂಪ ಕೊಡುವ ಹುಚ್ಚಿನಲ್ಲಿ ಕೂರುವವನನ್ನೇ ಮರೆತ ವಿನ್ಯಾಸಕಾರರಿಗೆ ಕೊಟ್ಟ ಏಟು ಅದು. ಮರುವರ್ಷ ಇನ್ನೊಂದು ಕುರ್ಚಿ ಬಂತು: ‘ಅತಿ ಚುಟುಕು ಭೇಟಿಗಳ ಕುರ್ಚಿ’. ಆಸನ ಮುಂದಕ್ಕೆ 45 ಡಿಗ್ರಿ ಇಳಿಜಾರು. ಕೂತವರು ತಾವಾಗಿಯೇ ಜಾರಿ ಎದ್ದು ಹೋಗಬೇಕು. ಕಾಫಿ ಕುಡಿದು ಎರಡು ಗಂಟೆಯಾದರೂ ಏಳದ ನೆಂಟರಿರುವ ನಮ್ಮ ಮನೆಗಳಿಗೆ ಇದು ಇಷ್ಟು ಹೊತ್ತಿಗೆ ಬರಬೇಕಾಗಿತ್ತು. ಝನೊಟ್ಟಾ ಎಂಬ ಪೀಠೋಪಕರಣ ಕಂಪನಿ 1991ರಲ್ಲಿ ಅದನ್ನು ನಿಜಕ್ಕೂ ತಯಾರಿಸಿತು.

1958ರ ಹೊತ್ತಿಗೆ ಊಟದ ಮುಳ್ಳುಚಮಚಗಳ ಸರದಿ. ಫೋರ್ಕಿನ ನಾಲ್ಕು ಹಲ್ಲುಗಳನ್ನು ಬೆರಳುಗಳಂತೆ ಬಗ್ಗಿಸಿದ. ಒಂದು ಫೋರ್ಕು ಬೆರಳು ತೋರಿಸಿ ಬೈಯುತ್ತದೆ, ಮತ್ತೊಂದು ಮುಷ್ಟಿ ಬಿಗಿಯುತ್ತದೆ, ಇನ್ನೊಂದು ಯೋಚನೆಯಲ್ಲಿದೆ. ಅದೇ ವರ್ಷ ಇಟಾಲಿಯನ್ನರ ಕೈಸನ್ನೆಗಳನ್ನು ಫೋಟೊ ಸಮೇತ ಜೋಡಿಸಿ, ಅದಕ್ಕೆ ‘ಇಟಾಲಿಯನ್ ನಿಘಂಟಿಗೆ ಅನುಬಂಧ’ ಎಂದು ಹೆಸರಿಟ್ಟ. (ನಮ್ಮ ತಲೆಯಾಡಿಸುವಿಕೆಗೆ ಇಂಥದ್ದೊಂದು ಅನುಬಂಧವನ್ನು ಯಾರಾದರೂ ಬರೆಯಬೇಕು, ಹೌದು, ಅಲ್ಲ, ಆಯಿತು ನೋಡೋಣ, ಎಲ್ಲವೂ ಒಂದೇ ಆಟ.)

ಇಷ್ಟನ್ನು ಓದಿದವರಿಗೆ ಇವನೊಬ್ಬ ತಮಾಷೆಗಾರ ಅನ್ನಿಸಬಹುದು. ಆದರೆ ತಮಾಷೆಯ ಒಳಗೆ ಒಂದು ಪಟ್ಟು ಇದೆ. ಮುನಾರಿ ಒಂದು ಸಲಕ್ಕೆ ಒಂದೇ ಒಂದು ಸಂಗತಿಯನ್ನು ಬದಲಿಸುತ್ತಾನೆ. ಫೋರ್ಕು ಫೋರ್ಕೇ, ಹಲ್ಲು ಮಾತ್ರ ಬಾಗಿದೆ. ಕುರ್ಚಿ ಕುರ್ಚಿಯೇ, ಆಸನ ಮಾತ್ರ ಇಳಿಜಾರಾಗಿದೆ. ಉಳಿದದ್ದೆಲ್ಲ ಮೊದಲಿನಂತೆಯೇ ಇರುವುದರಿಂದ ಆ ಒಂದು ಬದಲಾವಣೆ ಕಣ್ಣಿಗೆ ಹೊಡೆಯುತ್ತದೆ. ನಿಯಮ ಮತ್ತು ಆಕಸ್ಮಿಕ, ಎರಡೂ ಬೇಕು ಎಂದು ಆತ ಮತ್ತೆ ಮತ್ತೆ ಹೇಳುತ್ತಿದ್ದ. ಕುಂಟೆಬಿಲ್ಲೆ ಆಡುವ ಹುಡುಗಿಗೆ ಗೆರೆ ತುಳಿದರೆ ಔಟು ಎಂಬ ಕಟ್ಟಳೆ ಇರದಿದ್ದರೆ ಒಂಟಿಕಾಲಲ್ಲಿ ಕುಂಟುವುದರಲ್ಲಿ ಏನು ಮಜಾ? ಮುನಾರಿಯ ಕೆಲಸವೂ ಅದೇ ಜಾತಿಯದು. ಸ್ಫೂರ್ತಿ ಬರಲಿ ಎಂದು ಕಿಟಕಿ ನೋಡುತ್ತಾ ಕೂತವನಲ್ಲ. ಎದುರಿಗಿದ್ದ ವಸ್ತುವಿಗೆ ಒಂದು ಕಟ್ಟಳೆ ಹಾಕಿ ಅದು ಏನು ಮಾಡುತ್ತದೆ ನೋಡೋಣ ಎಂದವನು.

ಅವನ ದೀಪದ ಕಥೆ ಇದಕ್ಕೆ ಸಾಕ್ಷಿ. ಹೆಂಗಸರ ಕಾಲುಚೀಲದ ನೈಲಾನ್ ಬಟ್ಟೆ ಹಿಗ್ಗುತ್ತದೆ, ಬೆಳಕನ್ನು ಸೋಸುತ್ತದೆ, ಹೊಲಿಗೆಯಿಲ್ಲದ ಕೊಳವೆಯಾಗಿಯೇ ಬರುತ್ತದೆ. ಇದರಲ್ಲಿ ದೀಪ ಮಾಡಿದರೆ? ಕಾಲುಚೀಲದ ಕಾರ್ಖಾನೆಗೆ ಹೋಗಿ ಕೇಳಿದಾಗ ನಾವು ದೀಪ ಮಾಡುವವರಲ್ಲ ಎಂದರಂತೆ. ಇನ್ನು ಮುಂದೆ ಮಾಡುತ್ತೀರಿ ನೋಡಿ ಎಂದನಂತೆ ಮುನಾರಿ. ಬೇರೆ ಬೇರೆ ಅಳತೆಯ ಲೋಹದ ಬಳೆಗಳನ್ನು ಆ ಕೊಳವೆಯೊಳಗೆ ಕೂರಿಸಿ ತೂಗುಬಿಟ್ಟರೆ, ಬಳೆಗಳ ಭಾರಕ್ಕೆ ಬಟ್ಟೆ ಜಗ್ಗಿ ತಾನೇ ಆಕಾರ ತಾಳುತ್ತದೆ. 1964ರಲ್ಲಿ ಡಾನೇಸೆ ಕಂಪನಿ ಹೊರತಂದ ಈ ‘ಫಾಕ್‌ಲೆಂಡ್’ ದೀಪ ಮಡಚಿದರೆ ಚಪ್ಪಟೆ ಪೆಟ್ಟಿಗೆಯೊಳಗೆ ಕೂರುತ್ತದೆ. ದೀಪದ ರೂಪವನ್ನು ಯಾರೂ ‘ಬಿಡಿಸಿಲ್ಲ’. ಬಟ್ಟೆ, ಬಳೆ, ಗುರುತ್ವ, ಮೂರೂ ಸೇರಿ ಮಾಡಿಕೊಂಡದ್ದು. ಇದಕ್ಕೂ ಹಿಂದೆ, ತಂತಿಯನ್ನು ಒಳಗಿಟ್ಟ ಫೋಮ್ ರಬ್ಬರಿನಿಂದ ಮಾಡಿದ ‘ಝಿಝಿ’ ಎಂಬ ಕೋತಿ ಬೊಂಬೆಗೆ 1954ರಲ್ಲಿ ಇಟಲಿಯ ಪ್ರತಿಷ್ಠಿತ ವಿನ್ಯಾಸ ಪ್ರಶಸ್ತಿ ‘ಕೊಂಪಾಸ್ಸೊ ದೋರೊ’ ಬಂದಿತ್ತು. ಮಗು ಹೇಗೆ ಬಾಗಿಸಿದರೆ ಹಾಗೆ ನಿಲ್ಲುವ ಕೋತಿ.

ಮಗುವಿನ ಕಡೆಗೆ ಮುನಾರಿ ಹೊರಳಿದ್ದು 1940ರಲ್ಲಿ ಮಗ ಹುಟ್ಟಿದ ಮೇಲೆ. ಮಗನಿಗೆ ಓದಿಸಲು ಅಂಗಡಿಯಲ್ಲಿ ಸಿಗುತ್ತಿದ್ದ ಪುಸ್ತಕಗಳು ಹಿಡಿಸದೆ ತಾನೇ ಮಾಡತೊಡಗಿದ. 1945ರಲ್ಲಿ ಮೊಂದಾದೋರಿ ಪ್ರಕಾಶನ ಅವನ್ನು ತಂದಿತು. ಅದರಲ್ಲೊಂದು ‘ಎಂದಿಗೂ ತೃಪ್ತಿಯಿಲ್ಲ’. ಆನೆಗೆ ತನ್ನ ಭಾರ ಸಾಕಾಗಿ ಹಕ್ಕಿಯಾಗುವ ಆಸೆ. ಪುಟದ ಮೇಲಿನ ಪುಟ್ಟ ಬಾಗಿಲು ತೆರೆದರೆ ಅದರ ತಲೆಯೊಳಗಿನ ಹಕ್ಕಿ ಕಾಣುತ್ತದೆ. ಹಕ್ಕಿಗೆ ಮೀನಾಗುವಾಸೆ. ಹೀಗೆ ಸುತ್ತು ಬಂದು ಕೊನೆಗೆ ಎತ್ತಿಗೆ ಆನೆಯಾಗುವಾಸೆ. ಈ ಪುಸ್ತಕಗಳನ್ನು ನೋಡುತ್ತಾ ಬೆಳೆದ ಮಗ ಆಲ್ಬೆರ್ತೊ ಮುಂದೆ ಜಿನೀವಾದಲ್ಲಿ ಮನಶ್ಶಾಸ್ತ್ರಜ್ಞ ಜಾನ್ ಪಿಯಾಜೆ ಜೊತೆ ಕೆಲಸ ಮಾಡಿದ.

ನನ್ನ ಆಯ್ಕೆ ಮಾತ್ರ 1968ರ ‘ಮಿಲಾನಿನ ಮಂಜಿನಲ್ಲಿ’. ಚಳಿಗಾಲದಲ್ಲಿ ದಟ್ಟ ಮಂಜು ಕವಿಯುವ ಊರದು. ಮುನಾರಿ ಮಂಜನ್ನು ಚಿತ್ರಿಸಲು ಹೋಗಲಿಲ್ಲ. ಪುಟಗಳನ್ನೇ ಅರೆಪಾರದರ್ಶಕ ಟ್ರೇಸಿಂಗ್ ಕಾಗದದಲ್ಲಿ ಮಾಡಿದ. ಮುಂದಿನ ಪುಟದ ಬಸ್ಸು, ಸಿಗ್ನಲ್ ದೀಪ, ನಡೆದು ಹೋಗುವವರು ಮಸುಕಾಗಿ ಕಾಣುತ್ತಾರೆ. ಪುಟ ತಿರುವಿದರೆ ಸ್ಪಷ್ಟವಾಗುತ್ತಾರೆ, ಅಷ್ಟರಲ್ಲಿ ಅವರಾಚೆಯವರು ಮಸುಕು. ನಡುವೆ ಒಮ್ಮೆಲೆ ಗಾಢ ಬಣ್ಣದ ಕಾಗದಗಳ ಸರ್ಕಸ್ ಎದುರಾಗುತ್ತದೆ, ಪುಟಗಳಲ್ಲೆಲ್ಲ ಕೊರೆದ ತೂತುಗಳು. ಸರ್ಕಸ್ ಮುಗಿದ ಮೇಲೆ ಉದ್ಯಾನದ ಮಂಜಿನಲ್ಲಿ ಮನೆಯ ದಾರಿ. ಕಥೆ ಎನ್ನುವಂಥದ್ದು ಏನೂ ಇಲ್ಲ. ಕಾಗದವೇ ಕಥೆ. ಅಕ್ಷರವೇ ಇಲ್ಲದ ಅವನ ‘ಓದಲಾಗದ ಪುಸ್ತಕಗಳು’ ಕೂಡ ಇದೇ ದಾರಿಯವು, 1949ರಿಂದ ಶುರುವಾದವು. ಆದರೆ ಅವು ಗ್ಯಾಲರಿಯ ಗಾಜಿನೊಳಗೆ ತಣ್ಣಗೆ ಕೂತ ಹಾಗನ್ನಿಸುತ್ತದೆ, ನನಗೆ ಅಷ್ಟು ಒಗ್ಗಿಲ್ಲ. ಅದೇ ಯೋಚನೆ 1980ರಲ್ಲಿ ಹಾಲುಹಲ್ಲಿನ ಮಕ್ಕಳಿಗೆಂದು ‘ಪುಸ್ತಕಪೂರ್ವ’ಗಳಾಗಿ ಬಂದಾಗ ಜೀವ ಬಂತು: ಹತ್ತು ಸೆಂಟಿಮೀಟರ್ ಚೌಕದ ಹನ್ನೆರಡು ಪುಟಾಣಿ ಪುಸ್ತಕಗಳು, ಒಂದು ಮರದ್ದು, ಒಂದು ಬಟ್ಟೆಯದು, ಒಂದು ಪ್ಲಾಸ್ಟಿಕ್ಕಿನದು. ಎಲ್ಲಕ್ಕೂ ಹೆಸರು ‘ಪುಸ್ತಕ’. ಎರಡೂ ರಕ್ಷಾಪುಟಗಳ ಮೇಲೆ ಅದೇ ಹೆಸರಿರುವುದರಿಂದ ಯಾವ ಕಡೆಯಿಂದ ಹಿಡಿದರೂ ಸರಿಯೇ.

ಇಷ್ಟೆಲ್ಲ ಮಾಡಿದ ಮೇಲೆ, ಎಪ್ಪತ್ತರ ಹೊಸ್ತಿಲಲ್ಲಿ, ಮುನಾರಿ ಮಾಡಿದ್ದು ಅವನ ಬಹುಕಾಲ ಉಳಿಯುವ ಕೆಲಸ. 1977ರಲ್ಲಿ ಮಿಲಾನಿನ ಬ್ರೆರಾ ಚಿತ್ರಶಾಲೆಯಲ್ಲಿ ಮಕ್ಕಳಿಗಾಗಿ ಒಂದು ಪ್ರಯೋಗಾಲಯ ತೆರೆದ. ಬ್ರೆರಾ ಎಂದರೆ ರಾಫೆಲ್, ಕಾರವಾಜ್ಜೊ ಮೊದಲಾದವರ ಚಿತ್ರಗಳಿರುವ ಜಾಗ. ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಮುಟ್ಟಬೇಡಿ ಎಂದು ಗದರಿ, ಇದು ಇಂಥ ಶತಮಾನದ್ದು ಎಂದು ಹೇಳಿ ಕಳಿಸುವ ಪದ್ಧತಿ ಅಲ್ಲಿಯೂ ಇತ್ತು. ಮುನಾರಿ ಅದನ್ನು ತಲೆಕೆಳಗು ಮಾಡಿದ. ಚಿತ್ರದಲ್ಲಿ ಏನಿದೆ ಎಂಬ ಪಾಠ ಬೇಡ. ಅದನ್ನು ಮಾಡಿದ ಬಗೆ ಯಾವುದು ಎಂಬುದನ್ನು ಕೈಯಿಂದ ತಿಳಿಯಲಿ ಎಂದ.

ಪ್ರಯೋಗಾಲಯದ ಮುಖ್ಯ ಕಟ್ಟಳೆ ಒಂದೇ: ಏನು ಮಾಡಬೇಕು ಎಂದು ಮಕ್ಕಳಿಗೆ ಹೇಳಬಾರದು, ಹೇಗೆ ಮಾಡುವುದು ಎಂದು ಮಾಡಿ ತೋರಿಸಬೇಕು. ಚಿತ್ರಕ್ಕೆ ವಿಷಯ ಕೊಡುವಂತಿಲ್ಲ. ಒಂದು ಮೂಲೆಯಲ್ಲಿ ಮೇಲ್ಮೈಗಳ ಆಟ: ಒರಟು, ನುಣುಪು, ಜಾಲರಿ, ಎಳೆ, ಮುಟ್ಟಿ, ಉಜ್ಜಿ, ಅಚ್ಚು ತೆಗೆದು ನೋಡುವುದು. ಇನ್ನೊಂದು ಕಡೆ ಕಾಗದದ ಅಳತೆಗಳ ಆಟ. ನಮ್ಮ ಕೈಗೆ ಯಾವಾಗಲೂ ಅದೇ ಆಯತದ ಹಾಳೆ ಬರುತ್ತದೆ. ಮುನಾರಿ ಬೇಕೆಂದೇ ಉದ್ದುದ್ದ ಪಟ್ಟಿ, ಅಡ್ಡಗಲದ ಪಟ್ಟಿ ಕೊಡಿಸುತ್ತಿದ್ದ. ನೀಳ ಪಟ್ಟಿ ಸಿಕ್ಕ ಮಗು ಮನೆ ಬಿಡಿಸಲಾರದು. ಹಾವು, ರೈಲು, ಹೊಳೆ, ಏನೋ ಒಂದನ್ನು ಹುಡುಕಲೇಬೇಕು. ಮತ್ತೊಂದು ಕಡೆ ಸ್ಲೈಡ್ ಪ್ರೊಜೆಕ್ಟರ್. ಫಿಲ್ಮಿನ ಬದಲು ಈರುಳ್ಳಿ ಸಿಪ್ಪೆ, ಗರಿ, ದಾರ, ಬಣ್ಣದ ಪ್ಲಾಸ್ಟಿಕ್ ಚೂರುಗಳನ್ನು ಪುಟ್ಟ ಚೌಕಟ್ಟಿನಲ್ಲಿ ಸಿಕ್ಕಿಸಿ ಗೋಡೆಯ ಮೇಲೆ ಬಿಡುವುದು. ಈ ಆಟವನ್ನು ಮುನಾರಿ 1950ರ ದಶಕದಲ್ಲೇ ಕಲಾವಿದನಾಗಿ ಆಡಿದ್ದ. ನ್ಯೂಯಾರ್ಕಿನ ಮಾಡರ್ನ್ ಆರ್ಟ್ ಮ್ಯೂಸಿಯಂ 1955ರಲ್ಲಿ ಅವನ ಕೆಲಸಗಳನ್ನು ಪ್ರದರ್ಶಿಸಿತ್ತು. ಈಗ ಅದೇ ಬೆಳಕು ಆರು ವರ್ಷದವರ ಕೈಗೆ ಬಂತು. ಮುಗಿದ ಮೇಲೆ ಉಳಿಸಿಕೊಳ್ಳಬೇಕಾದ್ದು ಮಾಡಿದ ವಸ್ತುವನ್ನಲ್ಲ, ಮಾಡುವ ಬಗೆಯನ್ನು ಎಂಬುದು ಅವನ ನಿಲುವು. ಮಗಳ ಚಿತ್ರಕ್ಕೆ ಫ್ರೇಮು ಹಾಕಿಸುವ ಅಪ್ಪಂದಿರಿಗೆ ಇದು ಹಿಡಿಸುವ ಮಾತಲ್ಲ.

ನಮ್ಮಲ್ಲಿ ಚಿತ್ರ ಬರೆ ಎಂದರೆ ಮಗು ಬರೆಯುವುದು ಏನು? ಎರಡು ತ್ರಿಕೋನದ ಬೆಟ್ಟ, ನಡುವೆ ಕಿರಣ ಚಾಚಿದ ಸೂರ್ಯ, ಒಂದು ಹೊಳೆ, ಒಂದು ಹೆಂಚಿನ ಮನೆ, ಪಕ್ಕಕ್ಕೆ ಬಾಗಿದ ತೆಂಗಿನಮರ, ಮೇಲೆ ನಾಲ್ಕು ಹಕ್ಕಿ. ಬೀದರಿನಿಂದ ಚಾಮರಾಜನಗರದವರೆಗೆ ಇದೇ. ಬೆಟ್ಟವನ್ನೇ ಕಾಣದ ಬಯಲುಸೀಮೆಯ ಮಗುವೂ ಇದನ್ನೇ ಬರೆಯುತ್ತದೆ. ಬೇರೆ ರೂಪಗಳಲ್ಲಿ ಈ ರೋಗ ಇಟಲಿಯಲ್ಲೂ ಇತ್ತು. ಮುನಾರಿ ಮದ್ದಾಗಿ ಎರಡು ತೆಳು ಪುಸ್ತಕ ಬರೆದ. 1980ರ ‘ಸೂರ್ಯನನ್ನು ಬಿಡಿಸುವುದು’ ಪುಸ್ತಕದಲ್ಲಿ ಮಂಜಿನೊಳಗಿನ ಸೂರ್ಯ, ಮುಳುಗುವಾಗಿನ ಸೂರ್ಯ, ಬೇರೆ ಬೇರೆ ಕಾಲದ ಜನ ಗೆರೆಗಿಳಿಸಿದ ಸೂರ್ಯ, ಹೀಗೆ ಒಂದೊಂದು ಪುಟಕ್ಕೂ ಒಬ್ಬೊಬ್ಬ. ಅದಕ್ಕೆ ಎರಡು ವರ್ಷ ಮೊದಲು ಬಂದದ್ದು ‘ಮರ ಬಿಡಿಸುವುದು’. ಅದರಲ್ಲಿ ಮರಕ್ಕೆ ಒಂದೇ ನಿಯಮ: ಮುಂದಿನ ಕೊಂಬೆ ಹಿಂದಿನದಕ್ಕಿಂತ ಯಾವಾಗಲೂ ತೆಳು. ಕಾಗದದ ಪಟ್ಟಿಯೊಂದನ್ನು ಬುಡಕ್ಕೆ ತುಸು ಮೊದಲೇ ನಿಲ್ಲುವಂತೆ ಎರಡಾಗಿ ಹರಿಯಿರಿ, ಪ್ರತಿ ಸೀಳನ್ನೂ ಮತ್ತೆ ಎರಡಾಗಿ ಹರಿಯಿರಿ, ಹರಡಿ ಅಂಟಿಸಿ. ಮರ ಸಿದ್ಧ. ಗಾಳಿ ಒಂದೇ ಕಡೆಯಿಂದ ಬೀಸಿದರೆ, ಸಿಡಿಲು ಬಡಿದರೆ, ನಿಯಮ ಅದೇ ಇದ್ದರೂ ಮರ ಬೇರೆಯಾಗುತ್ತದೆ. ಚೆನ್ನಾಗಿ ಬರೆಯಲು ಬಾರದು ಎಂದು ಅಳುವ ಮಗುವಿಗೆ ಇಷ್ಟು ಕರುಣೆಯಿಂದ ದಾರಿ ತೋರಿಸಿದ ಡ್ರಾಯಿಂಗ್ ಪುಸ್ತಕವನ್ನು ನಾನು ಬೇರೆ ಕಂಡಿಲ್ಲ.

ಬ್ರೆರಾದ ಬೀಜ ಹಲವೆಡೆ ಮೊಳೆಯಿತು. ಮಣ್ಣಿನ ಪಾತ್ರೆಗಳಿಗೆ ಹೆಸರಾದ ಫಾಯೆನ್ಸಾ ಊರಿನ ಸೆರಾಮಿಕ್ ಮ್ಯೂಸಿಯಂ 1979ರಲ್ಲಿ ಮುನಾರಿಯ ಜೊತೆ ಸೇರಿ ‘ಕಲೆಯೊಂದಿಗೆ ಆಟ’ ಎಂಬ ಪ್ರಯೋಗಾಲಯ ತೆರೆಯಿತು. ಅಲ್ಲಿ ಕಾಗದದ ಜಾಗದಲ್ಲಿ ಜೇಡಿಮಣ್ಣು. ಮಾಂತೋವಾದ ಕೊರ್ರಾಯ್ನಿ ಪ್ರಕಾಶನ ಅವನ ಪುಸ್ತಕಗಳನ್ನು ಮತ್ತೆ ಮುದ್ರಿಸುತ್ತಿದೆ, ಕೆಲವನ್ನು ಇಂಗ್ಲಿಷಿನಲ್ಲೂ. 1966ರಲ್ಲಿ ಬಂದ ಪ್ರಬಂಧಗಳ ಸಂಗ್ರಹದ ಇಂಗ್ಲಿಷ್ ಅನುವಾದ ‘ಡಿಸೈನ್ ಆ್ಯಸ್ ಆರ್ಟ್’ ಪೆಂಗ್ವಿನ್ ಮಾಡರ್ನ್ ಕ್ಲಾಸಿಕ್ಸ್ ಮಾಲೆಯಲ್ಲಿದೆ. ಮುನಾರಿಯನ್ನು ಮೊದಲ ಸಲ ಓದುವವರಿಗೆ ಅದೇ ಸರಿ. ಚಿತ್ರಪುಸ್ತಕಗಳು ಮಾತ್ರ ದುಬಾರಿ. ಎಲ್ಲರಿಗೂ ಎಟುಕುವ ಕಲೆ ಬೇಕು ಎಂದವನ ದೀಪ ಇಂದು ಐಷಾರಾಮಿ ಮನೆಗಳ ಅಲಂಕಾರ, ಅವನ ರಟ್ಟಿನ ಯಂತ್ರಗಳು ಹರಾಜಿನ ವಸ್ತು.

ದುಡ್ಡು ಬೇಡದ ಪುಸ್ತಕವನ್ನೂ ಆತ ಮಾಡಿಟ್ಟಿದ್ದಾನೆ. ‘ಸಲಾಡಿನಲ್ಲಿ ಗುಲಾಬಿಗಳು’, 1974. ಅಡುಗೆಮನೆಯಲ್ಲಿ ಎಸೆಯುವ ಸೊಪ್ಪಿನ ಬುಡವನ್ನು ಅಡ್ಡಕ್ಕೆ ಕತ್ತರಿಸಿ, ಇಂಕಿನ ಪ್ಯಾಡಿಗೆ ಒತ್ತಿ, ಕಾಗದಕ್ಕೆ ಒತ್ತಿದರೆ ಗುಲಾಬಿ ಮೂಡುತ್ತದೆ. ನಮ್ಮ ಶಾಲೆಗಳಲ್ಲಿ ಬೆಂಡೆಕಾಯಿ ಅಚ್ಚು ಮಾಡಿದವರಿಗೆ ಇದು ಹೊಸದಲ್ಲ. ಆದರೆ ನಾವು ಬೆಂಡೆಕಾಯಲ್ಲಿ ಹೂವು ಮಾಡಿ ನಿಲ್ಲಿಸಿದೆವು. ಮುನಾರಿ ಒಂದೊಂದು ತರಕಾರಿಯನ್ನೂ ಅಡ್ಡ, ಉದ್ದ, ಓರೆ ಕೊಯ್ದು, ಇಂಕು ಹೆಚ್ಚು ಕಡಿಮೆ ಮಾಡಿ, ಒಳಗೆ ಏನಿದೆ ಎಂದು ಕೇಳುತ್ತಾ ಹೋದ. ಮಿಲಾನಿನ ಸಂತೆಯಲ್ಲಿ ಅವನಿಗೆ ಸಿಗದಿದ್ದವು ನಮ್ಮಲ್ಲಿವೆ. ಬಾಳೆದಿಂಡಿನ ಬಿಲ್ಲೆಯಲ್ಲಿ ಸುತ್ತಿನೊಳಗೆ ಸುತ್ತು. ತಾವರೆದಂಟಿನ ತೂತುಗಳು. ಹೀರೇಕಾಯಿಯನ್ನು ಅಡ್ಡ ಕೊಯ್ದರೆ ಸುತ್ತ ಏಣುಗಳೆದ್ದ ಚಕ್ರ, ನಾರು ಬಲಿತ ಕಾಯಾದರೆ ಅಚ್ಚು ಇನ್ನೂ ಗಟ್ಟಿಯಾಗಿ ಬೀಳುತ್ತದೆ. ನೀರು ಜಾಸ್ತಿ ಇರುವ ಕಾಯನ್ನು ಕೊಯ್ದ ಮೇಲೆ ಬಟ್ಟೆಯಲ್ಲಿ ಒತ್ತಿ ಒರೆಸಿಕೊಳ್ಳಬೇಕು, ಇಲ್ಲದಿದ್ದರೆ ಇಂಕು ಹರಡಿಕೊಳ್ಳುತ್ತದೆ.