ಡಿಜಿಟಲ್ ಕ್ಯಾಲೆಂಡರಿನಲ್ಲಿ ರಜಾದಿನಗಳು

ಗಣರಾಜ್ಯೋತ್ಸವ, ಸ್ವಾತಂತ್ರ್ಯ ದಿನ, ಗಾಂಧಿ ಜಯಂತಿ ಈ ಮೂರು ರಾಷ್ಟ್ರೀಯ ರಜೆಗಳನ್ನು ಮೊಬೈಲಿನ ಕ್ಯಾಲೆಂಡರಿನಲ್ಲಿ ಒಮ್ಮೆ ನಮೂದಿಸಿ, ‘ಪ್ರತಿ ವರ್ಷ’ ಎಂದು ಸೂಚಿಸಿದರೆ ಸಾಕು. ಯುಗಾದಿಗೂ ಹೀಗೆಯೇ ಮಾಡಬಹುದೆ? 2025ರ ಯುಗಾದಿ ಮಾರ್ಚ್ 30ರಂದು. 2026ರದು ಮಾರ್ಚ್ 19ರಂದು. ಹಳೆಯ ನಮೂದನ್ನು ನಂಬಿದ ಶಾಲೆ ಹಬ್ಬದ ದಿನವೇ ಪ್ರಾಯೋಗಿಕ ಪರೀಕ್ಷೆ ಇಟ್ಟುಕೊಂಡೀತು!

ಇದಕ್ಕೆ ಕಾರಣ ಚಂದ್ರ. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಸರಾಸರಿ 29.53 ದಿನ. ಇಂಥ 12 ಮಾಸಗಳಿಗೆ ಸುಮಾರು 354 ದಿನಗಳಾಗುತ್ತವೆ. ಸೌರವರ್ಷಕ್ಕಿಂತ 11 ದಿನ ಕಡಿಮೆ. ಈ ಕೊರತೆಯನ್ನು ತುಂಬುವುದು ಅಧಿಕ ಮಾಸ. 2026ರಲ್ಲಿ ಅಧಿಕ ಜ್ಯೇಷ್ಠವಿರುವುದರಿಂದ 2027ರ ಯುಗಾದಿ ಏಪ್ರಿಲ್ 7ಕ್ಕೆ ಜಿಗಿಯುತ್ತದೆ. ಇಸ್ಲಾಮೀ ಪಂಚಾಂಗದಲ್ಲಿ ಅಧಿಕ ಮಾಸವಿಲ್ಲ. ಆದ್ದರಿಂದ ರಂಜಾನ್ ಎಲ್ಲ ಋತುಗಳಲ್ಲೂ ಸುತ್ತಿಬರುತ್ತದೆ. ಹಬ್ಬದ ದಿನವಂತೂ ಚಂದ್ರದರ್ಶನವಾದ ಮೇಲೆಯೇ ಖಚಿತ. ಇಂಥ ರಜೆಗಳಿಗೆ ‘ಪ್ರತಿ ವರ್ಷ’ ಎಂಬ ನಿಯಮ ಬೇಡ. ಆಯಾ ವರ್ಷದ ಸರ್ಕಾರಿ ಪಟ್ಟಿಯನ್ನು ನೋಡಿ ದಿನಾಂಕ ಸೇರಿಸಿ.

ನಮೂದಿಸುವಾಗ ‘ಇಡೀ ದಿನ’ ಎಂಬುದನ್ನೇ ಆರಿಸಿಕೊಳ್ಳಿ. ಆಗಸ್ಟ್ 15ರ ನಡುರಾತ್ರಿ 12 ಗಂಟೆ ಎಂದು ಬರೆದರೆ ಅದೊಂದು ಕ್ಷಣವಾಗುತ್ತದೆ, ದಿನವಲ್ಲ. ನಮ್ಮ ಕಾಲಮಾನ ವಿಶ್ವಕಾಲಮಾನಕ್ಕಿಂತ 5 ಗಂಟೆ 30 ನಿಮಿಷ ಮುಂದಿದೆಯಷ್ಟೆ. ಹಾಗಾಗಿ ಲಂಡನ್ನಿನಲ್ಲಿರುವ ನಿಮ್ಮ ಹಳೆಯ ವಿದ್ಯಾರ್ಥಿಗೆ ಅದೇ ನಮೂದು, ಅಲ್ಲಿಯ ಬೇಸಿಗೆ ಕಾಲಮಾನದಂತೆ, ಆಗಸ್ಟ್ 14ರ ಸಂಜೆ 7.30ಕ್ಕೆ ಕಾಣಿಸುತ್ತದೆ.